ಮೂರನೇ ತರಗತಿಯ ಅಜ್ಜಿ

ಮಧ್ಯಾಹ್ನ ಎರಡೂವರೆಗೆ ನಾನು ಹೊಲಿಗೆ ಯಂತ್ರ ನಿಲ್ಲಿಸುತ್ತೇನೆ. ಅಳತೆ ಕೊಡಲು ಬಂದವರು ಬಾಗಿಲಲ್ಲಿ ನಿಂತಿದ್ದರೂ ಸರಿ, ಅರ್ಧ ತೋಳು ಕೂಡಿಸಿದ ಅಂಗಿ ಸೂಜಿಯ ಕೆಳಗೇ ಸಿಕ್ಕಿಕೊಂಡಿದ್ದರೂ ಸರಿ. ಕೈ ತೊಳೆದುಕೊಂಡು, ಬಾಗಿಲನ್ನು ಅರ್ಧ ಮುಂದೆ ಮಾಡಿ, ಬಟ್ಟೆಯ ಗಂಟುಗಳ ಹಿಂದಿನಿಂದ ಒಂದು ಹಳೆಯ ಗಣಿತ ಪುಸ್ತಕ ತೆಗೆಯುತ್ತೇನೆ. ಮೂರನೇ ತರಗತಿಯದು. ಕಣ್ಣು ಮುಚ್ಚಿ ದೇವರಿಗೆ ಒಂದೇ ಮಾತು ಹೇಳುತ್ತೇನೆ: ಸ್ವಾಮಿ, ಇವತ್ತು ಮಗು ನನಗೆ ಗೊತ್ತಿಲ್ಲದ್ದನ್ನು ಕೇಳದ ಹಾಗೆ ನೋಡಿಕೋ. ಆಮೇಲೆ ಅಂದಿನ ಪಾಠವನ್ನು ಬೆರಳಿಟ್ಟು ಓದುತ್ತೇನೆ. ಮೂರೂವರೆಗೆ ಮೊಮ್ಮಗಳು ಬಂದು ಚೀಲ ಎಸೆಯುವ ಹೊತ್ತಿಗೆ ಪುಸ್ತಕ ಗಂಟಿನ ಹಿಂದೆ, ನಾನು ಯಂತ್ರದ ಹಿಂದೆ, ಮುಖದ ಮೇಲೆ ಎಲ್ಲ ಬಲ್ಲವಳ ಗಾಂಭೀರ್ಯ.

ನಾನು ಶಾಲೆ ಬಿಟ್ಟಿದ್ದು ನಾಲ್ಕನೇ ತರಗತಿಯ ಅರ್ಧದಲ್ಲಿ. ಆಮೇಲೆ ಸೋದರತ್ತೆಯ ಹೊಲಿಗೆ ಕೋಣೆಯಲ್ಲಿ ಗುಂಡಿ ಹಚ್ಚುತ್ತಾ ಬೆಳೆದೆ. ಓದು ಪೂರ್ತಿ ಮರೆತುಹೋಗದೆ ಉಳಿದದ್ದು ಹಳೆಯ ದಿನಪತ್ರಿಕೆಗಳ ಪುಣ್ಯ. ಬಟ್ಟೆಗೆ ಕತ್ತರಿ ಇಡುವ ಮುಂಚೆ ಕಾಗದದಲ್ಲಿ ನಮೂನೆ ಕತ್ತರಿಸುವುದು ನಮ್ಮ ಪದ್ಧತಿ. ಅತ್ತೆ ಕತ್ತರಿಸಿ ಬಿಸಾಡಿದ ಚೂರುಗಳನ್ನೆಲ್ಲ ನಾನು ಕೂಡಿಟ್ಟು ಓದುತ್ತಿದ್ದೆ. ಹಾಗಾಗಿ ನನ್ನ ಲೋಕಜ್ಞಾನದಲ್ಲಿ ಅಲ್ಲಲ್ಲಿ ಕಂಕುಳಿನ ಆಕಾರದ ತೂತುಗಳಿವೆ. ಎಲ್ಲೋ ಭೂಕಂಪವಾಯಿತು ಅಂತ ಗೊತ್ತು. ಎಲ್ಲಿ ಅನ್ನುವುದು ಯಾರದೋ ಕುತ್ತಿಗೆಯ ಸುತ್ತಿನಲ್ಲಿ ಹೋಯಿತು.

ಇಂಥ ವಿದ್ಯಾವಂತೆಯ ಕೈಗೆ ಒಂದು ಮಗುವಿನ ಓದನ್ನು ಒಪ್ಪಿಸಿದರು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಅಳಿಯ ಬಸ್ಸು ಓಡಿಸುತ್ತಾನೆ. ಅವರ ಮನೆ ಎರಡು ಬೀದಿ ಆಚೆ. ಶಾಲೆ ಬಿಟ್ಟ ಮೇಲೆ ಮೂರೂವರೆಯಿಂದ ಐದೂವರೆಯವರೆಗೆ ಮಗು ನನ್ನದು. ಅವಳನ್ನು ನಾವು ಬಾಬಿನ್ ಅಂತಲೇ ಕರೆಯುವುದು. ಯಂತ್ರದ ಹೊಟ್ಟೆಯೊಳಗೆ ದಾರ ಸುತ್ತಿಕೊಂಡು ಗಿರಗಿರ ತಿರುಗುವ ಉರುಳೆಯ ಹಾಗೆ ಅವಳೂ ನಿಂತಲ್ಲಿ ನಿಲ್ಲುವ ಜಾತಿಯಲ್ಲ. ಏಳರ ಮಗ್ಗಿ ಹೇಳುವಾಗ ಸಾಲಿಗೊಂದು ಸುತ್ತು ತಿರುಗುತ್ತಾಳೆ. ಏಳು ಹತ್ತಲಿ ಎಪ್ಪತ್ತಕ್ಕೆ ಬರುವಷ್ಟರಲ್ಲಿ ತಲೆ ತಿರುಗಿ ಬಟ್ಟೆಯ ರಾಶಿಯ ಮೇಲೆ ಬೀಳುತ್ತಾಳೆ. ಈ ಎರಡು ಗಂಟೆಗಾಗಿಯೇ ನಾನು ಉಳಿದ ಇಪ್ಪತ್ತೆರಡು ಗಂಟೆ ಕಳೆಯುತ್ತೇನೆ ಅಂತ ಮಗಳಿಗೆ ಹೇಳಿಲ್ಲ. ಹೇಳಿದರೆ ಅವಳು ನನ್ನ ಮೇಲೆ ಉಪಕಾರ ಮಾಡುತ್ತಿರುವ ಹಾಗೆ ಆಗಿಬಿಡುತ್ತದೆ. ಈಗ ನಾನು ಅವಳ ಮೇಲೆ ಉಪಕಾರ ಮಾಡುತ್ತಿರುವ ಹಾಗೆ ಇದೆ. ಹಾಗೇ ಇರಲಿ.

ಈ ವರ್ಷ ಮಳೆಗಾಲ ಮುಗಿದ ಮೇಲೆ 'ಅಳತೆ' ಅನ್ನುವ ಪಾಠ ಬಂತು. ಪುಸ್ತಕದಲ್ಲಿ ಆ ಪುಟ ಕಂಡಾಗ ನನಗೆ ಆದ ಸಂತೋಷ ಹೇಳತೀರದು. ಭಾಗಾಕಾರ ಬಂದಾಗ ನಾನು ಬೆವರಿದ್ದೆ, ಗಡಿಯಾರದ ಪಾಠ ಬಂದಾಗ ತಲೆನೋವು ಅಂತ ಮಲಗಿದ್ದೆ. ಆದರೆ ಅಳತೆ! ಮೂವತ್ತು ವರ್ಷದಿಂದ ಕುತ್ತಿಗೆಗೆ ಟೇಪು ಹಾಕಿಕೊಂಡವಳು ನಾನು. ಅಂದು ಮೊದಲ ಸಲ ದೇವರಿಗೆ ಹೇಳುವ ಮಾತನ್ನು ಬದಲಾಯಿಸಿದೆ. ಇವತ್ತು ಏನು ಬೇಕಾದರೂ ಕೇಳಲಿ ಸ್ವಾಮಿ, ಅಂದೆ. ದೇವರು ಆಗಲೇ ನಕ್ಕಿರಬೇಕು.

"ಬಾಬಿನ್, ಪುಸ್ತಕ ಆಚೆ ಇಡು," ಅಂದೆ. "ಅಳತೇನ ಪುಸ್ತಕದಲ್ಲಿ ಕಲಿಯೋರು ಬೇರೆಯವರು. ನೀನು ಯಾರ ಮೊಮ್ಮಗಳು?"

"ನಿನ್ನ ಮೊಮ್ಮಗಳು."

"ಮತ್ತೆ? ತಗೋ ಟೇಪು."

ಒಂದು ಸಣ್ಣ ತೊಡಕಿತ್ತು. ಪಾಠದಲ್ಲಿ ಇದ್ದದ್ದು ಸೆಂಟಿಮೀಟರು. ನಾನು ಹುಟ್ಟಾ ಇಂಚಿನವಳು. ಟೇಪಿನ ಹಿಂಬದಿಯಲ್ಲಿ ಸೆಂಟಿಮೀಟರು ಇರುತ್ತದೆ ಅಂತ ಗೊತ್ತಿತ್ತು, ಆದರೆ ಪಕ್ಕದ ಮನೆಯವರ ನೆಂಟರನ್ನು ಕಂಡ ಹಾಗೆ, ಗುರುತಿದೆ ಮಾತಿಲ್ಲ. ಅರ್ಧ ಇಂಚಿಗೆ ಉಗುರಿಟ್ಟು ತಿರುಗಿಸಿ ನೋಡಿದೆ. ಒಂದು ಸೆಂಟಿಮೀಟರಿಗಿಂತ ಕೂದಲಷ್ಟು ಜಾಸ್ತಿ. "ಅರ್ಧ ಇಂಚು ಅಂದ್ರೆ ಒಂದು ಸೆಂಟಿಮೀಟರ್ ಅಂತಿಟ್ಕೋ," ಅಂತ ಮಹಾ ಪಂಡಿತೆಯ ಹಾಗೆ ತೀರ್ಪು ಕೊಟ್ಟೆ. ಆಮೇಲೆ ಮೇಜು, ಕಿಟಕಿ, ದಿಂಬಿನ ಕವರು, ನನ್ನ ಮೊಣಕೈ, ಎಲ್ಲ ಅಳೆಸಿದೆ. ಅವತ್ತು ಹೊಲಿಯಬೇಕಾಗಿದ್ದ ಪರದೆಯನ್ನೂ ಅವಳ ಕೈಯಿಂದಲೇ ಅಳೆಸಿ, ಸೀಮೆಸುಣ್ಣದಿಂದ ಗೆರೆ ಎಳೆಸಿದೆ. ಕೆಲಸವೂ ಆಯಿತು, ಪಾಠವೂ ಆಯಿತು ಅಂತ ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಹದಿನೈದು ದಿನಕ್ಕೆ ಕಿರುಪರೀಕ್ಷೆ ಆಯಿತು. ಹತ್ತಕ್ಕೆ ಮೂರು ಬಂತು.

ಮಗಳು ಸಂಜೆ ಬಂದವಳು ಹಾಳೆ ಹಿಡಿದು ಬಾಗಿಲಲ್ಲೇ ನಿಂತಳು. ಚಪ್ಪಲಿ ಕೂಡ ಬಿಡಲಿಲ್ಲ.

"ಅಮ್ಮ, ಮೂರು!"

"ನನಗೂ ಕಣ್ಣಿದೆ."

"ಬೇರೆ ಯಾವ ಪಾಠ ಆಗಿದ್ರೂ ಏನೂ ಅಂತಿರ್ಲಿಲ್ಲ. ಅಳತೆ ಅಮ್ಮ! ದರ್ಜಿ ಮನೆ ಮಗೂಗೆ ಅಳತೆ ಬರಲ್ಲ ಅಂದ್ರೆ ಜನ ನಗ್ತಾರೆ."

"ಮೊದಲನೇ ಪರೀಕ್ಷೆ ತಾನೇ. ಹೆದರಿರ್ತಾಳೆ."

"ಇವಳಾ? ಹೆದರೋದಾ?" ಬಾಬಿನ್ ಆ ಹೊತ್ತಿಗೆ ಕತ್ತರಿಸಿದ ಲಂಗವನ್ನು ತಲೆಗೆ ಹಾಕಿಕೊಂಡು ತಿರುಗುತ್ತಿದ್ದಳು. ಮಗಳು ಉಸಿರು ಬಿಟ್ಟಳು. "ನೋಡಮ್ಮ, ನಿನ್ನನ್ನ ಬೈತಾ ಇಲ್ಲ. ನಿನಗೂ ವಯಸ್ಸಾಯ್ತು, ಕೆಲಸ ಇದೆ. ಇದೇ ಪಾಠದ್ದು ಇನ್ನೊಂದು ಪರೀಕ್ಷೆ ಇದೆಯಂತೆ. ಅದ್ರಲ್ಲೂ ಹೀಗೇ ಆದ್ರೆ ಹಿಂದಿನ ಬೀದೀಲಿ ಟ್ಯೂಷನ್‌ಗೆ ಹಾಕ್ತೀನಿ. ನಾಲ್ಕರಿಂದ ಆರು. ಶಾಲೆಯಿಂದ ನೇರ ಅಲ್ಲಿಗೇ ಹೋಗ್ಲಿ."

ನಾಲ್ಕರಿಂದ ಆರು. ನನ್ನ ಎರಡು ಗಂಟೆಯನ್ನು ಅವಳು ಎಷ್ಟು ಸಲೀಸಾಗಿ ಕತ್ತರಿಸಿಟ್ಟಳು ಅಂದರೆ ನನಗೆ ಸಿಟ್ಟು ಬರುವ ಮುಂಚೆ ಅವಳ ಕೈಚಳಕ ಕಂಡು ಮೆಚ್ಚುಗೆಯಾಯಿತು. ನನ್ನ ಮಗಳೇ ಅಲ್ಲವೇ. "ಮಗೂಗೆ ಒಳ್ಳೇದಾದ್ರೆ ಸಾಕು," ಅಂದೆ. ಸುಳ್ಳು. ನನಗೂ ಒಳ್ಳೆಯದಾಗಬೇಕಿತ್ತು.

ಆಮೇಲಿನ ದಿನಗಳಲ್ಲಿ ನಾನು ಮಾಡಿದ್ದನ್ನೆಲ್ಲ ಬರೆಯಲು ನಾಚಿಕೆಯಾಗುತ್ತದೆ. ತಪ್ಪು ಎಲ್ಲಿದೆ ಅಂತ ಹುಡುಕಲು ಹೊರಟವಳು ನನ್ನೊಬ್ಬಳನ್ನು ಬಿಟ್ಟು ಊರನ್ನೆಲ್ಲ ತಡಕಾಡಿದೆ. ಮೊದಲು ಮಗಳ ಮೊಬೈಲಿನ ಮೇಲೆ ಅನುಮಾನ: ಅದನ್ನು ನೋಡಿ ನೋಡಿ ಮಗುವಿನ ಕಣ್ಣು ಮಂಜಾಗಿರಬೇಕು. ಮೂರು ಬೆರಳು ತೋರಿಸಿ ಎಷ್ಟು ಅಂತ ಕೇಳಿದೆ. "ಮೂರು. ತೋರುಬೆರಳಿಗೆ ಸೂಜಿ ಚುಚ್ಚಿದೆ," ಅಂದಳು. ಕಣ್ಣು ಸರಿಯಿತ್ತು. ಆಮೇಲೆ ಅವಳ ಸ್ಕೇಲಿನ ಮೇಲೆ ಅನುಮಾನ. ಅದನ್ನೂ ನನ್ನ ಟೇಪನ್ನೂ ತೆಗೆದುಕೊಂಡು ಮೂಲೆಯ ಪುಸ್ತಕದಂಗಡಿಗೆ ಹೋಗಿ, ಅವನ ಹತ್ತಿರ ಇದ್ದ ಮೂರು ತರಹದ ಸ್ಕೇಲುಗಳನ್ನು ಗಾಜಿನ ಮೇಲೆ ಸಾಲಾಗಿ ಮಲಗಿಸಿದೆ.

"ಏನಕ್ಕಾ, ಸ್ಕೇಲ್‌ಗೆ ಅಂಗಿ ಹೊಲೀತೀರಾ?" ಅಂದ ಅಂಗಡಿಯವ.

"ಇದು ಸರಿಯಾಗಿದ್ಯಾ ನೋಡ್ತಿದ್ದೀನಣ್ಣ."

"ಸ್ಕೇಲ್ ಅದು. ಕೆಟ್ಟುಹೋಗೋಕೆ ಹಾಲಾ?"

ನಾಲ್ಕೂ ಸ್ಕೇಲು ಒಂದೇ ಮಾತು ಹೇಳಿದವು. ಹಾಗಿದ್ದರೆ ತಪ್ಪು ಟೀಚರದೇ ಅಂತ ನಿರ್ಧಾರ ಮಾಡಿದೆ. ಶಾಲೆಯ ಗೇಟಿನಲ್ಲಿ ಒಮ್ಮೆ ಕಂಡಿದ್ದ ಆ ಟೀಚರ್ ತೀರಾ ಚಿಕ್ಕ ವಯಸ್ಸಿನವರು, ಅವಸರದಲ್ಲಿ ತಿದ್ದುತ್ತಾರೆ, ತಮ್ಮ ಅಂಗಿಯ ಗುಂಡಿಯೊಂದು ಸಡಿಲವಾಗಿರುವುದು ಕೂಡ ಅವರಿಗೆ ಗೊತ್ತಿಲ್ಲ. ಇಷ್ಟೆಲ್ಲ ಸಾಕ್ಷಿ ಸಿಕ್ಕ ಮೇಲೆ ಮನಸ್ಸಿಗೆ ಹಾಯೆನಿಸಿತು. ಪ್ರತಿದಿನ ಮಗುವಿಗೆ ಒಳ್ಳೆ ಬುದ್ಧಿ ಕೊಡು, ಟೀಚರಿಗೆ ಒಳ್ಳೆ ಕಣ್ಣು ಕೊಡು ಅಂತ ಬೇಡಿಕೊಂಡೆ. ಬುದ್ಧಿ ಯಾರಿಗೆ ಬೇಕಾಗಿದೆ ಅಂತ ಗೊತ್ತಿದ್ದರೂ ದೇವರು ಸುಮ್ಮನಿದ್ದ. ಅವನಿಗೆ ನನಗಿಂತ ತಾಳ್ಮೆ.

ತಾಳ್ಮೆಯ ವಿಷಯಕ್ಕೆ ಬಂದರೆ, ನಮ್ಮ ಬೀದಿಯಲ್ಲಿ ನನಗೆ ಅದರದ್ದೇ ಹೆಸರು. ಅಳತೆಗೆ ಬಂದ ಹೆಂಗಸರು ಅತ್ತೆ ಮಾವ ಗಂಡ ಮಕ್ಕಳು ಎಲ್ಲರ ಕಥೆಯನ್ನೂ ನನ್ನ ಮುಂದೆ ಬಿಚ್ಚುತ್ತಾರೆ. "ನಿಮ್ಮ ಹಾಗೆ ಮಧ್ಯೆ ಬಾಯಿ ಹಾಕದೆ ಕೇಳೋರು ಯಾರೂ ಇಲ್ಲ ಅಕ್ಕ," ಅನ್ನುತ್ತಾರೆ. ಹೇಗೆ ಬಾಯಿ ಹಾಕಲಿ? ಬಟ್ಟೆ ಹಿಡಿದು ಸರಿಮಾಡುವಾಗ ನನ್ನ ತುಟಿಗಳ ನಡುವೆ ಆರೇಳು ಗುಂಡುಸೂಜಿ ಇರುತ್ತವೆ. ನನ್ನ ತಾಳ್ಮೆ ಪೂರ್ತಿ ಉಕ್ಕಿನದು. ಸೂಜಿ ತೆಗೆದರೆ ನಾನೂ ಎಲ್ಲರ ಹಾಗೇ.

ಎರಡನೇ ಪರೀಕ್ಷೆಯ ಹಾಳೆ ಒಂದು ಗುರುವಾರ ಬಂತು. ಬಾಬಿನ್ ಬಾಗಿಲಲ್ಲಿ ಚೀಲ ಎಸೆಯಲಿಲ್ಲ. ಮೆಲ್ಲಗೆ ಇಟ್ಟಳು. ಆಗಲೇ ನನಗೆ ಗೊತ್ತಾಯಿತು.

ಹತ್ತಕ್ಕೆ ಎರಡು. ಕೆಳಗೆ ಕೆಂಪು ಅಕ್ಷರದಲ್ಲಿ: 'ಗಮನವಿಲ್ಲ. ಊಹಿಸಿ ಬರೆಯುತ್ತಾಳೆ. ಪೋಷಕರು ಶನಿವಾರದೊಳಗೆ ಸಹಿ ಮಾಡಿ ಕಳಿಸಿ.'

"ಏನೇ ಇದು?" ಅಂದೆ. ಅವಳು ಕಾಲ್ಬೆರಳು ನೋಡಿಕೊಂಡಳು. "ಯಾಕೆ ಹೀಗೆ ಬರೆದೆ? ನಾನು ಇಷ್ಟು ದಿನ ಹೇಳಿಕೊಟ್ಟಿದ್ದೇನು? ಹೇಳು." ನಾನು ಕೇಳಿದ ಹಾಗೆಲ್ಲ ಅವಳು ಇನ್ನಷ್ಟು ಚಿಕ್ಕವಳಾದಳು. ಕೊನೆಗೆ ನನಗೇ ಸಾಕಾಗಿ, ಹೊಲಿಯಲು ಕಾದಿದ್ದ ಫ್ರಾಕು ಎತ್ತಿಕೊಂಡು ಬಾಯಿಗೆ ಗುಂಡುಸೂಜಿ ಹಾಕಿಕೊಂಡೆ. ಮೇಜಿನ ಮೇಲಿದ್ದ ಪೆನ್ಸಿಲನ್ನು ಕಣ್ಣಿನಲ್ಲೇ ತೋರಿಸಿ, ಅಳೆ, ಅಂತ ಸನ್ನೆ ಮಾಡಿದೆ.

ನಾನು ನೆರಿಗೆ ಹಿಡಿಯುತ್ತಿದ್ದೆ. ಬಾಬಿನ್ ಪೆನ್ಸಿಲಿನ ಪಕ್ಕ ಸ್ಕೇಲಿಟ್ಟು, ಸೊನ್ನೆಗೆ ತುದಿ ಸರಿಯಾಗಿ ಕೂಡಿಸಿ, ಮೂಗು ತಾಗುವಷ್ಟು ಬಗ್ಗಿ ಎಣಿಸಿದಳು. "ಹನ್ನೆರಡು," ಅಂತ ತನ್ನಷ್ಟಕ್ಕೆ ಹೇಳಿಕೊಂಡಳು. ಸರಿಯಾಗಿತ್ತು. ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಅವಳು ಬೆರಳು ಮಡಚುತ್ತಾ ಮುಂದುವರಿಸಿದಳು: "ಈ ಕಡೆ ಹೊಲಿಗೆಗೆ ಒಂದು, ಆ ಕಡೆ ಹೊಲಿಗೆಗೆ ಒಂದು. ಹದಿನಾಲ್ಕು." ಪುಸ್ತಕದಲ್ಲಿ ದುಂಡಗೆ ಬರೆದಳು: ಪೆನ್ಸಿಲಿನ ಉದ್ದ 14 ಸೆಂ.ಮೀ.

ನನ್ನ ಬಾಯಲ್ಲಿ ಏಳು ಸೂಜಿ. ಕೂಗುವ ಹಾಗಿಲ್ಲ, ನುಂಗುವ ಹಾಗಿಲ್ಲ. ಒಂದೊಂದಾಗಿ ತೆಗೆದು ಸೂಜಿಯ ದಿಂಬಿಗೆ ಚುಚ್ಚುವಷ್ಟರಲ್ಲಿ ನನ್ನ ಮೂವತ್ತು ವರ್ಷದ ಪಾಂಡಿತ್ಯ ಕಣ್ಣ ಮುಂದೆ ಬಂದು ಹೋಯಿತು. ಪರೀಕ್ಷೆಯ ಹಾಳೆ ಎಳೆದುಕೊಂಡು ನೋಡಿದೆ. ಪುಸ್ತಕದ ಅಗಲ ಹದಿನೆಂಟು ಇರಬೇಕಾದಲ್ಲಿ ಇಪ್ಪತ್ತು. ಮೂವತ್ತು ಸೆಂಟಿಮೀಟರಿನ ಕೆಂಪು ರಿಬ್ಬನ್ನಿಗೆ ಇಪ್ಪತ್ತರ ನೀಲಿ ರಿಬ್ಬನ್ ಜೋಡಿಸಿದರೆ ಒಟ್ಟು ಎಷ್ಟು? ನಲವತ್ತೆಂಟು! ಎರಡು ತುಂಡು ಜೋಡಿಸಿದರೆ ಹೊಲಿಗೆಯೊಳಗೆ ಎರಡು ಕಡೆಯಿಂದ ಒಂದೊಂದು ಹೋಗುತ್ತದಲ್ಲ. ಒಂದು ಕಡೆ ಎರಡು ಜಾಸ್ತಿ, ಇನ್ನೊಂದು ಕಡೆ ಎರಡು ಕಮ್ಮಿ. ಪಾಪ ಆ ಟೀಚರ್ ಊಹೆ ಅಂತ ಬರೆಯದೆ ಇನ್ನೇನು ಬರೆದಾರು? ಅಂಕ ಬಂದಿದ್ದ ಎರಡು ಪ್ರಶ್ನೆ ಯಾವುವು ಅಂದರೆ, ಹಗ್ಗ ಉದ್ದವೋ ದಾರ ಉದ್ದವೋ, ಮರ ಎತ್ತರವೋ ಗಿಡ ಎತ್ತರವೋ. ಅವೆರಡಕ್ಕೂ ಹೊಲಿಗೆ ಬೇಕಾಗಿರಲಿಲ್ಲ.

"ಬಾಬಿನ್," ಅಂದೆ. "ಪೆನ್ಸಿಲ್‌ಗೆ ಯಾಕಮ್ಮ ಹೊಲಿಗೆ?"

"ನೀನೇ ಹೇಳಿದ್ದು. ಹೊಲಿಗೆಗೆ ಎರಡೂ ಕಡೆ ಬಿಡ್ಬೇಕು, ಅಳೆದಷ್ಟೇ ಬರೆದ್ರೆ ಬಟ್ಟೆ ಹಾಳು, ಆಮೇಲೆ ಅತ್ರೂ ಬರಲ್ಲ ಅಂತ."

ಹೇಳಿದ್ದೆ. ಪರದೆ ಅಳೆಸಿದ ದಿನ, ಬೆರಳೆತ್ತಿ, ವೇದವಾಕ್ಯದ ಹಾಗೆ ಹೇಳಿದ್ದೆ.

"ಟೀಚರ್ ಏನೂ ಅನ್ನಲಿಲ್ವಾ?"

"ಎಷ್ಟಿದೆಯೋ ಅಷ್ಟೇ ಬರಿ ಅಂದ್ರು." ಗುಟ್ಟು ಹೇಳುವ ಹಾಗೆ ನನ್ನ ಕಿವಿಯ ಹತ್ತಿರ ಬಂದಳು. "ಆದ್ರೆ ಟೀಚರ್‌ಗೆ ಹೊಲಿಯಕ್ಕೆ ಬರಲ್ಲ ಅಜ್ಜಿ. ಅವರ ಗುಂಡಿ ನೋಡಿದ್ಯಲ್ಲ."

ಗುಂಡಿಯ ಮಾತೂ ನನ್ನದೇ. ನಾನು ಯಾರಿಗೂ ಕೇಳಿಸಲಿಲ್ಲ ಅಂದುಕೊಂಡು ಗೊಣಗಿದ್ದೆಲ್ಲ ಈ ಮಗುವಿನೊಳಗೆ ಅಚ್ಚುಕಟ್ಟಾಗಿ ಮಡಚಿ ಇಟ್ಟಿತ್ತು. ಎರಡು ಸಲ ಎಲ್ಲರ ಮುಂದೆ ಕಮ್ಮಿ ಅಂಕ ತಗೊಂಡು, ಅಜ್ಜಿ ಹೇಳಿದ್ದು ತಪ್ಪು ಅಂತ ಒಂದು ಸಲವೂ ಅನ್ನದೆ ಅವಳು ನನ್ನ ಮಾನ ಕಾಪಾಡುತ್ತಾ ಬಂದಿದ್ದಳು. ನಾನಾದರೆ ಸ್ಕೇಲನ್ನೂ ಬಿಡದೆ ದೂರಿದ್ದೆ.

"ಕೇಳಿಲ್ಲಿ," ಅಂದೆ. "ತಪ್ಪು ನಂದು. ಟೀಚರ್ ಹೇಳಿದ್ದು ಸರಿ. ಪೆನ್ಸಿಲನ್ನ ಯಾರೂ ಹೊಲಿಯಲ್ಲ ಕಣೇ."

"ಪುಸ್ತಕ?"

"ಹೊಲಿಯಲ್ಲ."

"ರಿಬ್ಬನ್? ರಿಬ್ಬನ್ ಹೊಲೀತಾರಲ್ಲ!"

ಇದಕ್ಕೆ ಉತ್ತರ ನನ್ನ ಗಂಟಿನ ಹಿಂದಿನ ಪುಸ್ತಕದಲ್ಲಿಯೂ ಇರಲಿಲ್ಲ. "ನಮ್ಮ ಮನೇಲಿ ಹೊಲೀತಾರೆ. ಲೆಕ್ಕದಲ್ಲಿ ಹೊಲಿಯಲ್ಲ. ತುದಿಗೆ ತುದಿ ತಾಗಿಸಿ ಇಡ್ತಾರೆ ಅಷ್ಟೇ."

"ಬಿದ್ದುಹೋಗಲ್ವಾ?"

"ಲೆಕ್ಕದಲ್ಲಿ ಬೀಳಲ್ಲ."

ಅವಳಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಆದರೂ ಹಾಳೆಯನ್ನು ಮಗುಚಿಹಾಕಿ, ಹಿಂಬದಿಯ ಖಾಲಿ ಜಾಗದಲ್ಲಿ ಎಂಟೂ ಲೆಕ್ಕವನ್ನು ಹೊಸದಾಗಿ ಮಾಡಲು ಕೂತಳು. ನಾನು ಹೇಳಿರಲಿಲ್ಲ. ನಲವತ್ತು ನಿಮಿಷ ತೆಗೆದುಕೊಂಡಳು. ಒಂದು ಸುತ್ತೂ ತಿರುಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದೆ, ಈ ಸಲ ಸೂಜಿಯಿಲ್ಲದೆ. ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು.

ಐದೂವರೆಗೆ ಮಗಳು ಬಂದಾಗ ಹಾಳೆ ನನ್ನ ದಾರದ ಡಬ್ಬಿಯಲ್ಲಿತ್ತು. ನಾಳೆ ನಾನೇ ತೋರಿಸುತ್ತೇನೆ ಅಂತ ಬಾಬಿನ್‌ಗೆ ಹೇಳಿದ್ದೆ. ಅದು ಹೇಡಿತನ ಅಂತ ಗೊತ್ತಿತ್ತು. ಆದರೆ ಹೇಡಿತನಕ್ಕೂ ಒಂದು ರಾತ್ರಿಯ ರಜೆ ಬೇಕಾಗುತ್ತದೆ.

ಮರುದಿನ ಬೆಳಿಗ್ಗೆ, ಗಂಟೆ ಹೊಡೆಯುವ ಮುಂಚೆ, ಒಳ್ಳೆ ಬಟ್ಟೆ ಉಟ್ಟುಕೊಂಡು, ಹಾಳೆ ಹಿಡಿದುಕೊಂಡು ಶಾಲೆಗೆ ಹೋದೆ. 'ಊಹಿಸಿ ಬರೆಯುತ್ತಾಳೆ' ಅನ್ನುವ ಆ ಒಂದು ಸಾಲು ರಾತ್ರಿಯೆಲ್ಲ ಚುಚ್ಚಿತ್ತು. ಅವಳು ಊಹಿಸಿರಲಿಲ್ಲ. ನನ್ನಷ್ಟು ಕಟ್ಟುನಿಟ್ಟಾಗಿ ಲೆಕ್ಕ ಹಾಕಿದ್ದಳು, ಅದೇ ತೊಂದರೆ. ತರಗತಿಯಲ್ಲಿ ಟೀಚರ್ ಒಬ್ಬರೇ ಇದ್ದರು. ಕೂರಿ ಅಂತ ತೋರಿಸಿದ ಕುರ್ಚಿ ಮೂರನೇ ತರಗತಿಯವರದು. ಕೂತಾಗ ನನ್ನ ಮೊಣಕಾಲು ಗಲ್ಲದ ಹತ್ತಿರ ಬಂತು. ಐವತ್ತು ವರ್ಷದ ಮೇಲೆ ಮತ್ತೆ ಶಾಲೆಗೆ ಸೇರಿದ್ದೆ, ಅದೂ ತಪ್ಪೊಪ್ಪಿಕೊಳ್ಳಲು.

ಎಲ್ಲ ಹೇಳಿದೆ. ಟೇಪು, ಪರದೆ, ಈ ಕಡೆ ಒಂದು ಆ ಕಡೆ ಒಂದು. ಗುಂಡಿಯ ವಿಷಯ ಮಾತ್ರ ಬಿಟ್ಟೆ. ಟೀಚರ್ ಮೊದಲು ಸುಮ್ಮನೆ ಕೇಳಿದರು, ರಿಬ್ಬನ್ನಿನ ಹತ್ತಿರ ಬಂದಾಗ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಕಣ್ಣೊರೆಸಿಕೊಂಡು ಹಾಳೆ ತೆಗೆದುಕೊಂಡು ಒಂದೊಂದೇ ಉತ್ತರ ನೋಡಿದರು.

"ಎಂಟಕ್ಕೆ ಎಂಟೂ ಸರಿಯಾಗಿದೆ ಅಮ್ಮಾ. ನಿಮ್ಮ ಲೆಕ್ಕದ ಪ್ರಕಾರ."

"ನನ್ನ ಲೆಕ್ಕ ಬಿಡಿ. ಅವಳು ಊಹಿಸಿ ಬರೆದದ್ದಲ್ಲ ಅಂತ ಹೇಳೋಕೆ ಬಂದೆ."

ಅವರು ಆ ಸಾಲಿನ ಮೇಲೆ ಗೆರೆ ಎಳೆದರು. ಅದನ್ನು ನಾನು ಬೇಡ ಅನ್ನಲಿಲ್ಲ. ಅದು ಮಗುವಿಗೆ ಬರಬೇಕಾದದ್ದು. ಅಷ್ಟಕ್ಕೇ ಎದ್ದು ಬರಬೇಕಿತ್ತು. ಆದರೆ ಸೂಜಿಯಿಲ್ಲದ ನನ್ನ ಬಾಯಿ ಟ್ಯೂಷನ್ನಿನ ಮಾತನ್ನೂ ನನ್ನ ಎರಡು ಗಂಟೆಯ ಮಾತನ್ನೂ ತಾನಾಗಿಯೇ ಹೇಳಿಬಿಟ್ಟಿತು. ಹೇಳುತ್ತಾ ಹೇಳುತ್ತಾ ದನಿ ಸ್ವಲ್ಪ ಒಡೆಯಿತು ಕೂಡ. ನಾಚಿಕೆಗೇಡು.

ಟೀಚರ್ ಬಾಗಿಲಿನ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದರು. "ರಿಜಿಸ್ಟರಲ್ಲಿ ಇನ್ನೂ ಬರೆದಿಲ್ಲ ಅಮ್ಮಾ. ಹತ್ತಕ್ಕೆ ಹತ್ತು ಅಂತ ತಿದ್ದಿಬಿಡ್ತೀನಿ. ಹೇಗೂ ತಿಳ್ಕೊಂಡೇ ಬರೆದಿದಾಳೆ. ನಿಮ್ಮ ಮಗಳಿಗೂ ಗೊತ್ತಾಗಲ್ಲ. ಟ್ಯೂಷನ್ ಮಾತೇ ಬರಲ್ಲ."

ಆಸೆಯಾಗಲಿಲ್ಲ ಅಂದರೆ ದೇವರು ಮೆಚ್ಚುವುದಿಲ್ಲ. ಈ ಟೀಚರನ್ನು ದೇವರೇ ಕಳಿಸಿದ್ದಾನೆ ಅಂತ ಆಗಲೇ ಅನ್ನಿಸತೊಡಗಿತ್ತು. ನನಗೆ ಅನುಕೂಲವಾದದ್ದನ್ನೆಲ್ಲ ಅವನ ಹೆಸರಿಗೆ ಹಚ್ಚುವುದು ನನ್ನ ಹಳೆಯ ಚಾಳಿ. ಟೀಚರ್ ಎರಡರ ಪಕ್ಕಕ್ಕೆ ಪೆನ್ನು ತಂದಿದ್ದರು. ಅವರ ಬೆರಳ ಸಂದಿಯಿಂದ, ತೆಳ್ಳಗಿನ ಹಾಳೆಯ ಹಿಂದೆ ಬಾಬಿನ್ ಬರೆದ ಪೆನ್ಸಿಲ್ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು.

"ತಿರುಗಿಸಿ ನೋಡಿ ಟೀಚರ್," ಅಂದೆ.

ಅವರು ತಿರುಗಿಸಿದರು. ಮೇಲಿನಿಂದ ಕೆಳಗಿನವರೆಗೂ ನೋಡಿದರು. "ಇದು ಎಲ್ಲಾ ಸರಿಯಾಗಿದೆ."

"ಮುಂಬದಿಗೆ ಹತ್ತು ಕೊಟ್ರೆ ಹಿಂಬದೀಲಿ ಬರೆದದ್ದು ತಪ್ಪು ಅಂತಾಗುತ್ತಲ್ಲ. ನಿನ್ನೆ ಕೂತು ಮಾಡಿದಾಳೆ, ಅಲ್ಲಾಡದೆ."

"ಹಾಗಂದ್ರೆ ನಿಮ್ಮ ಎರಡು ಗಂಟೆ?"

"ಅದಕ್ಕೆ ಮಗಳ ಹತ್ರ ನಾನೇ ಬೈಸ್ಕೋತೀನಿ. ಬೇಡ ಟೀಚರ್, ಎರಡು ಎರಡೇ ಇರಲಿ. ಪೆನ್ನಿಗೆ ಮುಚ್ಚಳ ಹಾಕಿ."